ಮನೆಯಲ್ಲಿ ಓಡಲು ಟ್ರೆಡ್‌ಮಿಲ್: ಬೆಲ್ಟಿನ ಕೆಳಗೆ ನೋಡಿ ಕೊಂಡ ನನ್ನ ಅನುಭವ

ನಡೆಯುವವರಿಗೆ ಸಾಕಾಗುವ ಟ್ರೆಡ್‌ಮಿಲ್ಲೂ ಓಡುವವರಿಗೆ ಬೇಕಾದ ಟ್ರೆಡ್‌ಮಿಲ್ಲೂ ಮೇಲ್ನೋಟಕ್ಕೆ ಒಂದೇ ಥರ. ವ್ಯತ್ಯಾಸ ಇರುವುದು ಬೆಲ್ಟಿನ ಕೆಳಗೆ ಮತ್ತು ಮೋಟರಿನ ಮುಚ್ಚಳದ ಒಳಗೆ. ಹಾಗಾಗಿ ಪರದೆ, ಸ್ಪೀಕರ್, 36 ಬಗೆಯ ಪ್ರೋಗ್ರಾಮುಗಳನ್ನೆಲ್ಲ ಬದಿಗಿಟ್ಟು ಒಂದೇ ಪ್ರಶ್ನೆ ಹಿಡಿದು ಹೊರಟೆ: ಬೆಲ್ಟಿಗೂ ಅದರಡಿಯ ಹಲಗೆಗೂ ನಡುವೆ ಆಗುವ ಉಜ್ಜಾಟವನ್ನು ಈ ಯಂತ್ರ ಎಷ್ಟು ವರ್ಷ ತಡೆದುಕೊಳ್ಳುತ್ತದೆ? ಟ್ರೆಡ್‌ಮಿಲ್ ಕೆಡುವುದು ಬಹುಪಾಲು ಅಲ್ಲಿಂದಲೇ. ನನ್ನ ಲೆಕ್ಕ 72 ಕೆಜಿ ತೂಕ, 175 ಸೆಂ.ಮೀ. ಎತ್ತರ, ಗಂಟೆಗೆ 8ರಿಂದ 12 ಕಿ.ಮೀ. ವೇಗ, ವಾರಕ್ಕೆ ನಾಲ್ಕು ದಿನ 40 ನಿಮಿಷ ಓಟ. ನಿಮ್ಮ ತೂಕ, ವೇಗ ಬೇರೆಯಾಗಿದ್ದರೆ ಅಂಕಿಗಳನ್ನು ಹೊಂದಿಸಿಕೊಳ್ಳಿ.

ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಮನೆ ಅಳೆಯಬೇಕು. ಓಡುವ ಯಂತ್ರದ ಉದ್ದ ಸುಮಾರು 180 ಸೆಂ.ಮೀ. ಹಿಂದುಗಡೆ 2 ಮೀಟರ್ ಖಾಲಿ ಜಾಗ ಬೇಕು. ಎಡವಿದವರನ್ನು ಬೆಲ್ಟ್ ಹಿಂದಕ್ಕೆ ಎಸೆಯುತ್ತದೆ, ಅಲ್ಲಿ ಗೋಡೆಯೋ ಮಂಚವೋ ಇದ್ದರೆ ದೇಹ ಅದಕ್ಕೂ ಓಡುತ್ತಿರುವ ಬೆಲ್ಟಿಗೂ ನಡುವೆ ಸಿಕ್ಕಿಕೊಂಡು ಚರ್ಮ ಸುಲಿಯುತ್ತದೆ. ಎರಡೂ ಸೇರಿ 380 ಸೆಂ.ಮೀ. ಆಯಿತು. ಹತ್ತಕ್ಕೆ ಹನ್ನೆರಡು ಅಡಿಯ ಮಲಗುವ ಕೋಣೆಯ ಉದ್ದವೇ 366 ಸೆಂ.ಮೀ., ಅಂದರೆ ಅಲ್ಲಿ ಆಗುವುದಿಲ್ಲ. ಹಾಲಿನಲ್ಲೇ ಜಾಗ ಮಾಡಬೇಕು. ಎತ್ತರದ ಲೆಕ್ಕವನ್ನು ತುಂಬ ಜನ ಮರೆಯುತ್ತಾರೆ. ನನ್ನ 175ಕ್ಕೆ ಹಲಗೆಯ ಎತ್ತರ 20, ಏರು ಹಾಕಿದಾಗ ಮುಂಭಾಗ ಮೇಲೇಳುವುದಕ್ಕೆ 10, ಓಡುವಾಗ ತಲೆ ಪುಟಿಯುವುದಕ್ಕೆ 10, ಸುರಕ್ಷತೆಗೆ ಇನ್ನೊಂದು 15 ಸೇರಿಸಿದರೆ 230 ಸೆಂ.ಮೀ. ನಮ್ಮ ಮನೆಗಳ ಸಜ್ಜ ಸಾಮಾನ್ಯವಾಗಿ ಏಳಡಿಗೆ, ಅಂದರೆ 213 ಸೆಂ.ಮೀ.ಗೆ ಬರುತ್ತದೆ. ಸಜ್ಜದ ಕೆಳಗಿನ ಖಾಲಿ ಜಾಗ ಟ್ರೆಡ್‌ಮಿಲ್ಲಿಗೆ ಅಂತಲೇ ಬಿಟ್ಟಂತೆ ಕಾಣುತ್ತದೆ, ಆದರೆ ಅಲ್ಲಿ ಓಡಿದರೆ ತಲೆ ಒಡೆಯುತ್ತದೆ. ಚಾವಣಿ ಒಂಬತ್ತಡಿಯಷ್ಟೇ ಇದ್ದರೆ ಫ್ಯಾನಿನ ರೆಕ್ಕೆಯ ನೇರ ಕೆಳಗೂ ಬೇಡ.

ಇನ್ನು ಮೋಟರ್. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 4 ಎಚ್‌ಪಿ, 5 ಎಚ್‌ಪಿ (ಹಾರ್ಸ್‌ಪವರ್) ಎಂದು ಬರೆದಿರುವುದು ಬಹಳ ಸಲ ಪೀಕ್ ಎಚ್‌ಪಿ, ಅಂದರೆ ಕ್ಷಣಮಾತ್ರ ಮುಟ್ಟಬಹುದಾದ ಶಕ್ತಿ. ಓಟಕ್ಕೆ ಲೆಕ್ಕಕ್ಕೆ ಬರುವುದು ನಿರಂತರವಾಗಿ ಕೊಡಬಲ್ಲ ಶಕ್ತಿ, ಕಂಟಿನ್ಯುಯಸ್ ಎಚ್‌ಪಿ. 1 ಎಚ್‌ಪಿ ಎಂದರೆ 746 ವಾಟ್. ನಿಜವಾಗಿ 4 ಎಚ್‌ಪಿ ಎಳೆಯುವ ಮೋಟರಿಗೆ ಸುಮಾರು 2984 ವಾಟ್ ಬೇಕು. ಮನೆಯ ಸಣ್ಣ 6 ಆಂಪ್ ಸಾಕೆಟ್ 230 ವೋಲ್ಟಿನಲ್ಲಿ ಕೊಡಬಲ್ಲದ್ದು 1380 ವಾಟ್ ಮಾತ್ರ. ಸಣ್ಣ ಪಿನ್ನಿನ ಪ್ಲಗ್ ಇರುವ ಯಂತ್ರ ತನ್ನನ್ನು 4 ಎಚ್‌ಪಿ ಎಂದು ಕರೆದುಕೊಂಡರೆ ಅಲ್ಲಿಗೆ ಅದರ ಬಣ್ಣ ಬಯಲಾಯಿತು.

ಅನುಮಾನವಿದ್ದರೆ ಮುಚ್ಚಳ ತೆಗೆಸಿ ಮೋಟರಿನ ಮೈಮೇಲಿನ ಚೀಟಿ ಓದಿ. ಡಿಸಿ ಮೋಟರ್ ಆಗಿದ್ದು ಅದರಲ್ಲಿ 180 ವೋಲ್ಟ್, 8 ಆಂಪ್ ಎಂದಿದ್ದರೆ ಗುಣಿಸಿದಾಗ 1440 ವಾಟ್, ಅಂದರೆ 1.9 ಎಚ್‌ಪಿ. ಅದೂ ಒಳಗೆ ಹೋಗುವ ಕರೆಂಟಿನ ಲೆಕ್ಕ. ಹೊರಗೆ ಬರುವ ಬಲ ಇನ್ನೂ ಕಡಿಮೆ. ನಡಿಗೆಗೆ ಅಷ್ಟು ಸಾಕು. ದಿನಾ ಓಡುವವರು ನಿರಂತರ 2.5 ಎಚ್‌ಪಿಗಿಂತ ಕೆಳಗೆ ಇಳಿಯಬಾರದು, 80 ಕೆಜಿ ದಾಟಿದವರು 3ಕ್ಕೆ ಹೋಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಒಂದು ವಿಚಿತ್ರ ಸಂಗತಿ ಗಮನಿಸಿ: ಡಿಸಿ ಮೋಟರಿಗೆ ಜೋರು ಓಟಕ್ಕಿಂತ ತೂಕದವರ ನಿಧಾನ ನಡಿಗೆ ಹೆಚ್ಚು ಕಷ್ಟ. ಪಾದ ಬೆಲ್ಟಿನ ಮೇಲೆ ಹೆಚ್ಚು ಹೊತ್ತು ಊರಿರುತ್ತದೆ, ಮೋಟರ್ ನಿಧಾನ ತಿರುಗುವುದರಿಂದ ಅದರ ತುದಿಯ ಫ್ಯಾನೂ ಗಾಳಿ ಬೀಸುವುದಿಲ್ಲ. ಮನೆಯಲ್ಲಿ ಒಬ್ಬರು ಓಡಿ ಇನ್ನೊಬ್ಬರು ನಡೆಯುವುದಾದರೆ ಭಾರವಾದವರ ತೂಕ ಹಿಡಿದೇ ಆರಿಸಬೇಕು. ಯಂತ್ರ 100 ಕೆಜಿಗೆ ಎಂದಿದ್ದರೆ ನಾನು ಅದನ್ನು 80 ಕೆಜಿಯ ಓಟಗಾರನಿಗೆ ಎಂದು ಓದಿಕೊಳ್ಳುತ್ತೇನೆ, ಏಕೆಂದರೆ ಓಡುವಾಗ ಪ್ರತಿ ಹೆಜ್ಜೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲದಲ್ಲಿ ಬೀಳುತ್ತದೆ.

ಬೆಲ್ಟಿನ ಉದ್ದಕ್ಕೂ ಒಂದು ಲೆಕ್ಕವಿದೆ. ಗಂಟೆಗೆ 10 ಕಿ.ಮೀ. ಎಂದರೆ ಸೆಕೆಂಡಿಗೆ 2.78 ಮೀಟರ್. ಪಾದ ನೆಲಕ್ಕೆ ತಾಗಿರುವ ಹೊತ್ತು ಸುಮಾರು 0.27 ಸೆಕೆಂಡ್ ಎಂದುಕೊಂಡರೆ ಅಷ್ಟರಲ್ಲಿ ಬೆಲ್ಟ್ ಪಾದವನ್ನು 75 ಸೆಂ.ಮೀ. ಹಿಂದಕ್ಕೆ ಒಯ್ಯುತ್ತದೆ. ಶೂನ ಉದ್ದ 30 ಸೇರಿದರೆ 105. ಬೆಲ್ಟ್ 120 ಸೆಂ.ಮೀ. ಇದ್ದರೆ ಉಳಿಯುವುದು 15 ಸೆಂ.ಮೀ., ಅಂದರೆ ಮುಂದೆ ಮೋಟರಿನ ಮುಚ್ಚಳಕ್ಕೆ ಒದೆಯುವುದಕ್ಕೂ ಹಿಂದೆ ಜಾರುವುದಕ್ಕೂ ನಡುವೆ ಒಂದು ಗೇಣಿಗಿಂತ ಕಡಿಮೆ. 12 ಕಿ.ಮೀ. ವೇಗಕ್ಕೆ ಹೋದರೆ ಅದೂ ಇರುವುದಿಲ್ಲ. ಇಂಥ ಬೆಲ್ಟಿನ ಮೇಲೆ ಗೊತ್ತಿಲ್ಲದೆಯೇ ಹೆಜ್ಜೆ ಚಿಕ್ಕದಾಗುತ್ತದೆ, ಭುಜ ಬಿಗಿಯುತ್ತದೆ, ಕಣ್ಣು ಕಾಲಿನ ಮೇಲೇ ಇರುತ್ತದೆ. ಅದಕ್ಕೇ 140 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲಕ್ಕಿಂತ ಕಡಿಮೆ ಇರುವುದನ್ನು ಪಟ್ಟಿಯಿಂದ ತೆಗೆದುಹಾಕಿದೆ. ಕೈಪಿಡಿಯ ಅಂಕಿ ನಂಬದೆ ಅಂಗಡಿಯಲ್ಲೇ ಟೇಪ್ ಹಿಡಿದು ಅಳೆಯಿರಿ; ಕೆಲವರು ಪಕ್ಕದ ಪ್ಲಾಸ್ಟಿಕ್ ಪಟ್ಟಿಯನ್ನೂ ಅಗಲಕ್ಕೆ ಸೇರಿಸಿ ಹೇಳುತ್ತಾರೆ.

ಬೆಲ್ಟ್ ಸುತ್ತಿಕೊಂಡು ತಿರುಗುವ ಉರುಳೆ, ಅಂದರೆ ರೋಲರ್, ಎಷ್ಟು ದಪ್ಪ ಎಂದು ಕೇಳಿದರೆ ಮಾರುವವರು ತಬ್ಬಿಬ್ಬಾಗುತ್ತಾರೆ, ಆದರೂ ಕೇಳಲೇಬೇಕು. ಅಗ್ಗದ ಯಂತ್ರಗಳಲ್ಲಿ 42 ಮಿ.ಮೀ. ಆಸುಪಾಸು ಇರುತ್ತದೆ. 10 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 1260 ಸುತ್ತು ಹಾಕುತ್ತದೆ, 60 ಮಿ.ಮೀ. ರೋಲರ್ ಅದೇ ವೇಗಕ್ಕೆ 880 ಸುತ್ತು ಹಾಕಿದರೆ ಸಾಕು. ಬೇರಿಂಗ್ ತಣ್ಣಗಿರುತ್ತದೆ, ಬೆಲ್ಟ್ ಕಡಿದಾಗಿ ಬಾಗದೆ ಬಹುಕಾಲ ಬಾಳುತ್ತದೆ. ಹಲಗೆ 18 ಮಿ.ಮೀ.ಗಿಂತ ತೆಳ್ಳಗಿರಬಾರದು, 25 ಇದ್ದರೆ ಒಳ್ಳೆಯದು. ಅದರ ಕೆಳಗಿನ ರಬ್ಬರ್ ಕುಶನ್ನು ಮಾರಾಟದ ಮಾತಿನಲ್ಲಿ ದೊಡ್ಡದಾಗಿ ಬರುತ್ತದೆ. ಅತಿ ಮೆತ್ತಗಿದ್ದರೆ ಮರಳಿನಲ್ಲಿ ಓಡಿದಂತಾಗಿ ಮೀನಖಂಡ ನೋಯುತ್ತದೆ. ಇದು ಕಾಗದದಲ್ಲಿ ತಿಳಿಯುವ ವಿಷಯವಲ್ಲ, ಓಡಿಯೇ ನೋಡಬೇಕು.

ಹಾಗಾಗಿ ಓಡುವ ಶೂ ಹಾಕಿಕೊಂಡೇ ಅಂಗಡಿಗೆ ಹೋಗಿ. ಗಂಟೆಗೆ 3 ಕಿ.ಮೀ.ಗೆ ಇಟ್ಟು, ಹಿಡಿಕೆ ಹಿಡಿದುಕೊಂಡು, ಒಂದು ಹಿಮ್ಮಡಿಯಿಂದ ಬೆಲ್ಟನ್ನು ತಡೆಯುವಂತೆ ಬಲವಾಗಿ ಊರಿ. ಬೆಲ್ಟ್ ಹೆಚ್ಚೆಂದರೆ ಒಂದಿಷ್ಟು ಭಾರವಾದಂತೆ ಅನಿಸಬೇಕು, ನಿಂತು ಜಗ್ಗಬಾರದು. ಜಗ್ಗಿದರೆ ಒಂದೋ ಬೆಲ್ಟ್ ಸಡಿಲ, ಇಲ್ಲವೇ ಮೋಟರ್ ಸಾಲದು. ಆಮೇಲೆ ನಿಮ್ಮ ಮಾಮೂಲಿ ವೇಗದಲ್ಲಿ ಹತ್ತು ನಿಮಿಷ ಓಡಿ. ಹಿಡಿಕೆಯ ಕಂಬಗಳು ಅಲ್ಲಾಡುತ್ತವೆಯೇ, ಪರದೆಯ ಅಂಕಿ ಓದಲಾಗದಷ್ಟು ನಡುಗುತ್ತದೆಯೇ ನೋಡಿ. ಏರು 10 ಶೇಕಡಾವರೆಗೆ ಇದ್ದರೆ ಮನೆಗೆ ಸಾಕು. 1996ರಲ್ಲಿ ಜೋನ್ಸ್ ಮತ್ತು ಡೌಸ್ಟ್ ಪ್ರಕಟಿಸಿದ ಅಧ್ಯಯನದ ಪ್ರಕಾರ ಗಂಟೆಗೆ ಸುಮಾರು 10.5ರಿಂದ 18 ಕಿ.ಮೀ. ವೇಗದಲ್ಲಿ 1 ಶೇಕಡಾ ಏರು ಹಾಕಿದರೆ ಹೊರಗೆ ಸಮತಟ್ಟು ರಸ್ತೆಯಲ್ಲಿ ಓಡಿದಷ್ಟೇ ಶ್ರಮವಾಗುತ್ತದೆ. ಎದುರುಗಾಳಿ ಇಲ್ಲದ ಕೊರತೆಯನ್ನು ಅದು ತುಂಬುತ್ತದೆ. ಇನ್ನೂ ನಿಧಾನ ಓಡುವವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ವಾರಂಟಿ ಕಾಗದದಲ್ಲಿ ಮೋಟರಿಗೆ ಎಷ್ಟು ವರ್ಷ ಎಂಬುದಕ್ಕಿಂತ ಮೋಟರಿನ ವೇಗ ನಿಯಂತ್ರಿಸುವ ಕಂಟ್ರೋಲರ್ ಬೋರ್ಡಿಗೆ ಎಷ್ಟು ಎಂದು ನೋಡಿ. ಬೆಲ್ಟ್ ಒಣಗಿ ಉಜ್ಜಾಟ ಹೆಚ್ಚಿದಾಗ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಆಗ ಮೊದಲು ಸುಡುವುದು ಆ ಬೋರ್ಡು. ಬೋರ್ಡ್, ಬೆಲ್ಟ್, ಮೋಟರಿನ ಕಾರ್ಬನ್ ಬ್ರಷ್ ಇವುಗಳ ಬೆಲೆ ಮೊದಲೇ ಬರೆಸಿಕೊಳ್ಳಿ. ರಿಪೇರಿಯವರು ನಿಮ್ಮ ಊರಿನಲ್ಲೇ ಇದ್ದಾರೆಯೇ ಕೇಳಿ. ಶಿವಮೊಗ್ಗದ ಮನೆಗೆ ಬೆಂಗಳೂರಿನಿಂದ ಬರಬೇಕಾದರೆ ಯಂತ್ರ ಅಲ್ಲಿಯವರೆಗೆ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಆಗಿರುತ್ತದೆ.

ಮನೆಯಲ್ಲಿ ಪ್ಲಗ್ ಹಾಕಬೇಕಾದ್ದು ಗೀಸರಿಗೆ ಕೊಡುವಂಥ 16 ಆಂಪಿನ ಪವರ್ ಪಾಯಿಂಟಿಗೆ. ಎಕ್ಸ್‌ಟೆನ್ಶನ್ ಬೋರ್ಡ್ ಬೇಡ, ಅದರ ತೆಳು ವೈರ್ ಬಿಸಿಯಾಗಿ ವೋಲ್ಟೇಜ್ ಇಳಿಯುತ್ತದೆ. ಆ ಪಾಯಿಂಟ್ ಇನ್ವರ್ಟರ್ ಲೈನಿನಲ್ಲಿ ಇರಕೂಡದು. ಟಿವಿಯ ಸಣ್ಣ ಸ್ಟೆಬಿಲೈಸರಿಗೂ ಜೋಡಿಸಬೇಡಿ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ಪರೀಕ್ಷಿಸಿಕೊಳ್ಳಿ: ಬೆಲ್ಟ್ ಹಲಗೆಗೆ ಉಜ್ಜಿ ಮೈಯಲ್ಲಿ ಚಾರ್ಜ್ ಕೂಡುತ್ತದೆ, ಅರ್ಥಿಂಗ್ ಇಲ್ಲದಿದ್ದರೆ ಹಿಡಿಕೆ ಮುಟ್ಟಿದಾಗ ಚುರುಕ್ ಎನ್ನುವುದಷ್ಟೇ ಅಲ್ಲ, ಕಂಟ್ರೋಲರ್ ಬೋರ್ಡಿಗೂ ಕೇಡು. ಓಡುವಾಗ ಕರೆಂಟ್ ಹೋದರೆ ಬೆಲ್ಟ್ ಗಕ್ಕನೆ ನಿಲ್ಲಬಹುದು. ಹಿಡಿಕೆ ಹಿಡಿದು ಎರಡೂ ಕಾಲನ್ನು ಪಕ್ಕದ ಪಟ್ಟಿಗೆ ಎತ್ತಿಡುವುದನ್ನು ನಿಧಾನ ವೇಗದಲ್ಲಿ ಇಪ್ಪತ್ತು ಸಲವಾದರೂ ಅಭ್ಯಾಸ ಮಾಡಿ.

ಇಡುವ ಮೊದಲು ಟೈಲ್ಸನ್ನು ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬರುವ ಟೈಲಿನ ಮೇಲೆ ಯಂತ್ರದ ಕಾಲು ಬಂದರೆ ಅದು ಒಡೆಯುತ್ತದೆ. ಅಡಿಗೆ 15 ಮಿ.ಮೀ.ಯ ಜಿಮ್ ರಬ್ಬರ್ ಹಾಸಿದರೆ ಕೆಳಗಿನ ಮನೆಯವರಿಗೆ ಧಪಧಪ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಆಮೇಲೆ ಮಟ್ಟಗೋಲು ಇಟ್ಟು ನಾಲ್ಕೂ ಕಾಲು ಸಮ ಮಾಡಿ. ಇದನ್ನು ಬಿಟ್ಟವರ ಬೆಲ್ಟ್ ಒಂದು ಬದಿಗೆ ಸರಿಯುತ್ತಲೇ ಇರುತ್ತದೆ, ಅವರು ಬೋಲ್ಟ್ ತಿರುಗಿಸುತ್ತಲೇ ಇರುತ್ತಾರೆ. ಮಟ್ಟ ಸರಿಯಿದ್ದೂ ಸರಿದರೆ, ಗಂಟೆಗೆ 5 ಕಿ.ಮೀ.ಗೆ ಖಾಲಿ ಓಡಿಸಿ, ಬೆಲ್ಟ್ ಯಾವ ಬದಿಗೆ ಹೋಗುತ್ತದೋ ಆ ಬದಿಯ ಹಿಂದಿನ ಬೋಲ್ಟನ್ನು ಅಲೆನ್ ಕೀಯಿಂದ ಗಡಿಯಾರದ ದಿಕ್ಕಿಗೆ ಕಾಲು ಸುತ್ತು ಮಾತ್ರ ತಿರುಗಿಸಿ ಒಂದು ನಿಮಿಷ ಕಾಯಿರಿ. ಅವಸರದಲ್ಲಿ ಪೂರ್ತಿ ಸುತ್ತು ಹಾಕಿದರೆ ಬೆಲ್ಟ್ ಇನ್ನೊಂದು ಅಂಚಿಗೆ ಹೋಗಿ ಹರಿಯುತ್ತದೆ. ಬಿಗಿ ಸರಿಯಿದೆಯೇ ತಿಳಿಯಲು ಪ್ಲಗ್ ಕಿತ್ತು, ನಡುಭಾಗದಲ್ಲಿ ಬೆಲ್ಟಿನ ಅಂಚು ಎತ್ತಿ ನೋಡಿ. 5ರಿಂದ 7 ಸೆಂ.ಮೀ. ಎದ್ದರೆ ಸರಿ. ಹೆಜ್ಜೆಗೆ ಜಾರುತ್ತಿದ್ದರೆ ಮುಚ್ಚಳ ತೆಗೆದಿಟ್ಟು ಒಬ್ಬರನ್ನು ನಡೆಸಿ, ಕೈ ಹಾಕದೆ ನೋಡಿ. ಮುಂದಿನ ರೋಲರ್ ತಿರುಗುತ್ತಿದ್ದು ಬೆಲ್ಟ್ ನಿಂತರೆ ಬೆಲ್ಟೇ ಸಡಿಲ. ಮೋಟರಿನ ಪುಲ್ಲಿ ತಿರುಗುತ್ತಿದ್ದು ರೋಲರ್ ನಿಂತರೆ ಮೋಟರಿನ ಸಣ್ಣ ಬೆಲ್ಟ್ ಸಡಿಲ. ಈ ಎರಡನ್ನು ಬೇರೆ ಮಾಡದೆ ಹಿಂದಿನ ಬೋಲ್ಟನ್ನೇ ಬಿಗಿಯುತ್ತ ಹೋಗಿ ಬೇರಿಂಗ್ ಹಾಳು ಮಾಡಿಕೊಳ್ಳುವವರು ಬಹಳ.

ಎಣ್ಣೆಯ ವಿಷಯದಲ್ಲಿ ದಯವಿಟ್ಟು ಸೋಮಾರಿತನ ಬೇಡ. ತಿಂಗಳಿಗೊಮ್ಮೆ ಬೆಲ್ಟಿನ ಕೆಳಗೆ ಕೈ ತೂರಿಸಿ, ಪಾದ ಬೀಳುವ ಜಾಗದಲ್ಲಿ ಹಲಗೆಯನ್ನು ಬೆರಳಿನಿಂದ ಸವರಿ. ಬೆರಳು ನುಣುಪಾಗಿ ಜಾರಿ ತುದಿಯಲ್ಲಿ ತೆಳು ಜಿಡ್ಡು ಉಳಿದರೆ ಸಾಕಷ್ಟಿದೆ. ಒಣ ಕಾಗದ ಮುಟ್ಟಿದಂತಾದರೆ, ಕಪ್ಪು ಪುಡಿ ಬಂದರೆ, ತಡವಾಗಿದೆ. ಹಾಕಬೇಕಾದ್ದು ಶುದ್ಧ ಸಿಲಿಕೋನ್ ಎಣ್ಣೆ, 20 ಮಿ.ಲೀ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಕೂಡದು. ಕೊಬ್ಬರಿ ಎಣ್ಣೆ ಅಂಟುಗಟ್ಟುತ್ತದೆ, ಉಳಿದವು ಬೆಲ್ಟನ್ನೇ ತಿನ್ನುತ್ತವೆ. ಎರಡೂ ಬದಿಯಿಂದ ಅಂಚು ಎತ್ತಿ ನಡುಭಾಗಕ್ಕೆ ತಲುಪುವಂತೆ ಹಾವಿನ ಹರಿದಾಟದ ಹಾಗೆ ಸುರಿದು, 4 ಕಿ.ಮೀ. ವೇಗದಲ್ಲಿ ಐದು ನಿಮಿಷ ಇಡೀ ಅಗಲಕ್ಕೆ ಹೆಜ್ಜೆ ಹಾಕಿ ನಡೆಯಿರಿ. ಹೆಚ್ಚು ಸುರಿದರೆ ರೋಲರಿಗೆ ಇಳಿದು ಬೆಲ್ಟ್ ಜಾರುತ್ತದೆ, ಧೂಳು ಸೇರಿ ಕೆಸರಾಗುತ್ತದೆ. ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಬೋರ್ಡಿನ ಕೆಪಾಸಿಟರಿನಲ್ಲಿ ಉಳಿದ ಚಾರ್ಜ್ ಇಳಿಯಲು ಹತ್ತು ನಿಮಿಷ ಬಿಟ್ಟು, ಮುಚ್ಚಳದೊಳಗಿನ ಧೂಳು ತೆಗೆಯಿರಿ. ಜಡಿ ಹಿಡಿದು ಮಳೆ ಹೊಯ್ಯುವ ಉಡುಪಿ, ಕಾರವಾರ, ಮಲೆನಾಡಿನ ಮನೆಗಳಲ್ಲಿ ಹಲಗೆಯ ಅಂಚು ತೇವ ಹೀರಿ ಉಬ್ಬುತ್ತದೆ. ಬಾಲ್ಕನಿಯಲ್ಲಿ ಮಾತ್ರ ಇಡಬೇಡಿ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹಿಂದಿನ ರೋಲರ್ ಅಪಾಯದ ಜಾಗ. ಮಕ್ಕಳು ಅಡಿಗೆ ಎಳೆಯಲ್ಪಟ್ಟು, ಒಂದು ಮಗು ಸತ್ತ ಮೇಲೆ 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಪೆಲೋಟಾನ್ ಕಂಪನಿ ತನ್ನ ಟ್ರೆಡ್ ಪ್ಲಸ್ ಯಂತ್ರಗಳನ್ನು ವಾಪಸ್ ಕರೆಸಿಕೊಂಡಿತು. ಕಿತ್ತ ಕೂಡಲೇ ಯಂತ್ರ ನಿಲ್ಲಿಸುವ ಸೇಫ್ಟಿ ಕೀಯ ಕ್ಲಿಪ್ಪನ್ನು ಓಡುವಾಗ ಬನಿಯನ್ನಿಗೆ ಸಿಕ್ಕಿಸಿ, ಇಳಿದ ಕೂಡಲೇ ಕೀ ಕಿತ್ತು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ, ಗೋಡೆಯ ಸ್ವಿಚ್ಚೂ ಆರಿಸಿ.

ಕೊನೆಯದಾಗಿ ವೇಗದ ಪರೀಕ್ಷೆ. ಪ್ಲಗ್ ಕಿತ್ತು, ಬೆಲ್ಟನ್ನು ಕೈಯಿಂದ ಸರಿಸುತ್ತ ಅದರ ಪೂರ್ತಿ ಸುತ್ತಳತೆ ತೆಗೆಯಿರಿ, 2.95 ಮೀಟರ್ ಬಂತು ಎನ್ನೋಣ. ಅಂಚಿನಲ್ಲಿ ಸೀಮೆಸುಣ್ಣದ ಗೆರೆ ಎಳೆದು, ನೀವು 10 ಕಿ.ಮೀ. ವೇಗದಲ್ಲಿ ಓಡುತ್ತಿರುವಾಗ ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ಹಿಡಿಯಲಿ. ಗೆರೆ 20 ಸುತ್ತು ಹಾಕುವುದಕ್ಕೆ 21.2 ಸೆಕೆಂಡ್ ಹಿಡಿಯಬೇಕು. ಖಾಲಿ ಬೆಲ್ಟಿನಲ್ಲಿ ಸರಿಯಿದ್ದು ಓಡುವಾಗ ಮಾತ್ರ 22 ದಾಟಿದರೆ ಮೊದಲು ಎಣ್ಣೆ, ಆಮೇಲೆ ಬಿಗಿ ನೋಡಿ. ಎರಡೂ ಸರಿಯಿದ್ದೂ ಹಾಗೇ ಇದ್ದರೆ ಮೋಟರ್ ಸೋಲುತ್ತಿದೆ. ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಆ ವಿಡಿಯೊ ಮಾರಿದವರಿಗೆ ಕಳಿಸಿ.