ಅಲಾರಾಂ ‘ವೆಂಟ್ ಆಫ್’ ಅಂದ್ರೆ ನಿಂತುಹೋಯ್ತು ಅಂತಲ್ಲ!

‘ದಿ ಅಲಾರಾಂ ವೆಂಟ್ ಆಫ್ ಅಟ್ ಫೈವ್.’ ಒಂದು ಕಥೆಯಲ್ಲಿ ಈ ಸಾಲು ಓದಿ, ಅಲಾರಾಂ ಕೆಟ್ಟು ನಿಂತಿತು ಎಂದುಕೊಂಡಿದ್ದೆ. ಸ್ವಿಚ್ ಆಫ್ ಅಂದ್ರೆ ಆರಿಸೋದು ತಾನೇ? ಆದರೆ ಮುಂದಿನ ಸಾಲಲ್ಲಿ ಕಥಾನಾಯಕ ದಡಬಡಿಸಿ ಎದ್ದು ಕೂತಿದ್ದ. ಅಲಾರಾಂ ನಿಂತಿರಲಿಲ್ಲ, ಹೊಡೆದುಕೊಂಡಿತ್ತು!

ಕ್ರಿಯಾಪದದ ಜೊತೆ ಆಫ್, ಅಪ್, ಡೌನ್ ಥರದ ಪುಟ್ಟ ಪದ ಸೇರಿ ಬೇರೆಯದೇ ಅರ್ಥ ಕೊಡುವ ಫ್ರೇಸಲ್ ವರ್ಬ್‌ಗಳ ಕಾಟವೇ ಇದು. ಬೇರೆ ಭಾಷೆಯವರಿಗೆ ಇಂಗ್ಲಿಷಿನಲ್ಲಿ ಅತಿ ಕಷ್ಟ ಕೊಡುವುದು ಇಂಥ ಜೋಡಿಪದಗಳೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಬರೆದಿದ್ದರು. ಹಾಗಾಗಿ ತಲೆ ಕೆಟ್ಟರೆ ನಾಚಿಕೆ ಬೇಡ.

ಮೊದಲು, ಎರಡು ಪದಗಳ ಅರ್ಥ ಕೂಡಿಸೋದನ್ನು ಬಿಡಿ. ‘ತಿಂದುಬಿಟ್ಟ’ ಅಂದಾಗ ಏನನ್ನು ಬಿಟ್ಟ ಅಂತ ನಾವು ಕೇಳ್ತೀವಾ? ತಟ್ಟೆ ಖಾಲಿ ಅಂತ ಗೊತ್ತು. ಇಂಗ್ಲಿಷಿನ ‘ಅಪ್’ ಕೂಡ ಎಷ್ಟೋ ಕಡೆ ಇದೇ ಕೆಲಸ ಮಾಡುತ್ತದೆ. ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್: ಇಲ್ಲಿ ಮೇಲಕ್ಕೆ ಹೋಗುವಂಥದ್ದೇನೂ ಇಲ್ಲ, ಪೂರ್ತಿ ಮುಗಿಸೋದು ಅಷ್ಟೇ. ಹಾಗಂತ ಇದನ್ನೇ ನಂಬಿಕೊಂಡು ಕೂರಬೇಡಿ, ‘ಲುಕ್ ಅಪ್’ ಅಂದ್ರೆ ನಿಘಂಟಿನಲ್ಲಿ ಪದ ಹುಡುಕೋದೂ ಆಗುತ್ತದೆ, ಸುಮ್ನೆ ತಲೆ ಎತ್ತಿ ನೋಡೋದೂ ಆಗುತ್ತದೆ.

ಎರಡನೆಯದು, ಕ್ರಿಯೆ ಯಾವುದರ ಮೇಲೆ ನಡೆಯುತ್ತಿದೆ ನೋಡಿ. ‘ಟರ್ನ್ ಡೌನ್’ ಪಕ್ಕದಲ್ಲಿ ವಾಲ್ಯೂಮ್ ಇದ್ದರೆ ಸದ್ದು ಕಡಿಮೆ ಮಾಡು ಅಂತ. ಆಫರ್ ಇದ್ದರೆ ಬೇಡ ಅನ್ನು ಅಂತ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಜೋಡಿಪದ ಒಂದನ್ನೇ ಬರೆಯಬೇಡಿ, ಇಡೀ ವಾಕ್ಯ ಬರೆಯಿರಿ.

ಇನ್ನು ಜಾಸ್ತಿ ಜನ ಎಡವುವ ಜಾಗ. ‘ಟರ್ನ್ ಡೌನ್ ದ ವಾಲ್ಯೂಮ್’ ಸರಿ, ‘ಟರ್ನ್ ದ ವಾಲ್ಯೂಮ್ ಡೌನ್’ ಕೂಡ ಸರಿ. ಆದರೆ ವಾಲ್ಯೂಮ್ ಬದಲು ‘ಇಟ್’ ಬಂತೋ, ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಡೌನ್’. ‘ಲುಕ್ ಆಫ್ಟರ್’ (ನೋಡಿಕೊಳ್ಳು) ಥರದ ಕೆಲವು ಹೀಗೆ ಒಡೆಯುವುದಿಲ್ಲ, ‘ಲುಕ್ ಆಫ್ಟರ್ ಇಟ್’ ಅಂತಲೇ ಹೇಳಬೇಕು. ಯಾವುದು ಒಡೆಯುತ್ತೆ, ಯಾವುದು ಇಲ್ಲ? ಕಲಿಯುವವರಿಗಾಗಿ ಮಾಡಿದ ನಿಘಂಟುಗಳಲ್ಲಿ ‘ಪುಟ್ ಸಮ್‌ಥಿಂಗ್ ಆಫ್’ ಎಂದು ನಡುವೆ ಜಾಗ ಬಿಟ್ಟೇ ತೋರಿಸಿರುತ್ತಾರೆ. ಆ ‘ಸಮ್‌ಥಿಂಗ್’ ಎಲ್ಲಿದೆ ಅಂತ ನೋಡಿದರೆ ಸಾಕು.

‘ಗೆಟ್’ನಿಂದ ಶುರುವಾಗುವ ಉದ್ದನೆ ಪಟ್ಟಿ ಬಾಯಿಪಾಠ ಮಾಡೋಕೆ ಮಾತ್ರ ಹೋಗಬೇಡಿ. ನಾನು ಮಾಡಿದ್ದೆ, ಮರುದಿನ ಗೆಟ್ ಓವರ್, ಗೆಟ್ ಬೈ, ಗೆಟ್ ಥ್ರೂ ಎಲ್ಲಾ ಕಲಸಿಹೋಗಿದ್ದವು. ಓದುವಾಗ ಎದುರಾದ ಎರಡು ಮೂರನ್ನು ಹಿಡಿದುಕೊಳ್ಳಿ. ಮಾತಾಡುವಾಗ ‘ಪುಟ್ ಆಫ್’ ಬಾಯಿಗೆ ಬರಲಿಲ್ವಾ, ‘ಪೋಸ್ಟ್‌ಪೋನ್’ ಅನ್ನಿ, ಯಾರೂ ನಗುವುದಿಲ್ಲ.