ಕುದುರೆಯ ತೌಡು, ಸುಣ್ಣ ಮತ್ತು ನಾನು ತಪ್ಪಿದ ಲೆಕ್ಕ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ತೋಟ ಮತ್ತು ಎರಡು ಹಸುಗಳ ಜೊತೆಗೆ ನನ್ನ ಹಟಕ್ಕೆ ಬಂದ ಒಂದು ಹೆಣ್ಣು ಕುದುರೆಯೂ ಇದೆ. ಅದರ ತೂಕ ಸುಮಾರು 350 ಕೆ.ಜಿ. ಮೊದಲ ಎರಡು ವರ್ಷ ಅದಕ್ಕೂ ಹಸುಗಳ ಮೇವನ್ನೇ ಹಾಕುತ್ತಿದ್ದೆ: ಬತ್ತದ ಹುಲ್ಲು, ತೋಟದ ಅಂಚಿನ ನೇಪಿಯರ್ ಹುಲ್ಲು, ಬೇಯಿಸಿದ ಹುರುಳಿ ಮತ್ತು ದಿನಕ್ಕೆ 2 ಕೆ.ಜಿ. ಅಕ್ಕಿ ತೌಡು. ಮೈ ಮಿರಮಿರ ಮಿಂಚುತ್ತಿದ್ದುದರಿಂದ ಎಲ್ಲವೂ ಸರಿಯಿದೆ ಎಂದೇ ನಂಬಿದ್ದೆ.

ಎರಡನೆಯ ಮಳೆಗಾಲದಲ್ಲಿ ಅದು ಕುಂಟತೊಡಗಿತು. ಒಂದು ದಿನ ಮುಂಗಾಲು, ಮತ್ತೊಂದು ದಿನ ಹಿಂಗಾಲು. ಲಾಳ ತೆಗೆಸಿ ನೋಡಿದರೂ ಗೊರಸಿನಲ್ಲಿ ದೋಷ ಕಾಣಲಿಲ್ಲ. ಕೆಸರಿನಿಂದ ಹೀಗಾಗಿದೆ ಎಂದು ನಾನೇ ತೀರ್ಮಾನಿಸಿ, ಗೊರಸು ಗಟ್ಟಿಯಾಗಲೆಂದು ಬಯೋಟಿನ್ ಎಂಬ ಜೀವಸತ್ವದ ಪುಡಿಯನ್ನೂ ಹತ್ತಾರು ಜೀವಸತ್ವಗಳ ಒಂದು ಡಬ್ಬಿಯನ್ನೂ ತರಿಸಿದೆ. ಗೊರಸು ಮೇಲಂಚಿನಿಂದ ನೆಲದವರೆಗೆ ಬೆಳೆಯಲು 9ರಿಂದ 12 ತಿಂಗಳು ಬೇಕಾಗುವುದರಿಂದ ಬಯೋಟಿನ್ನಿನ ಫಲವನ್ನು ಎರಡು ತಿಂಗಳಲ್ಲಿ ನಿರೀಕ್ಷಿಸುವುದೇ ತಪ್ಪಾಗಿತ್ತು. ಡಬ್ಬಿಯಲ್ಲಿದ್ದ ಸಿ ಜೀವಸತ್ವವನ್ನು ಕುದುರೆಯ ಯಕೃತ್ತೇ ತಯಾರಿಸುತ್ತದೆ, ಬಿ ಗುಂಪಿನವುಗಳನ್ನು ಅದರ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ತಯಾರಿಸುತ್ತವೆ, ಎ ಮತ್ತು ಇ ಹಸಿ ಹುಲ್ಲಿನಿಂದಲೇ ಸಿಗುತ್ತವೆ. ಹಣ ಕೊಟ್ಟು ತಂದದ್ದರಲ್ಲಿ ಬಹುಪಾಲು ಆಗಲೇ ಕೊಟ್ಟಿಗೆಯಲ್ಲಿತ್ತು.

ಪಶುವೈದ್ಯರು ಬಂದಾಗ ಡಬ್ಬಿಗಳನ್ನು ಬದಿಗಿಟ್ಟು, ಅಡಿಕೆ ತೂಗುವ ತಕ್ಕಡಿ ತರಿಸಿ, ಒಂದು ದಿನದ ಮೇವನ್ನೆಲ್ಲ ತೂಗಿಸಿದರು. ಈ ಗಾತ್ರದ ಕುದುರೆಗೆ ದಿನಕ್ಕೆ ಸುಮಾರು 14 ಗ್ರಾಂ ಕ್ಯಾಲ್ಸಿಯಂ ಮತ್ತು 10 ಗ್ರಾಂ ರಂಜಕ (ಫಾಸ್ಫರಸ್) ಸಾಕು. ನಮ್ಮ 2 ಕೆ.ಜಿ. ತೌಡೊಂದರಲ್ಲೇ 30 ಗ್ರಾಂ ಆಸುಪಾಸು ರಂಜಕವಿದ್ದರೆ ಕ್ಯಾಲ್ಸಿಯಂ 2 ಗ್ರಾಂ ಕೂಡ ಇರಲಿಲ್ಲ. ರಂಜಕವು ಕ್ಯಾಲ್ಸಿಯಂಗಿಂತ ಎಂದೂ ಹೆಚ್ಚಾಗಬಾರದು. ಅದರ ಮೇಲೆ ನೇಪಿಯರ್ ಮತ್ತು ಬತ್ತದ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ಲವಣ, ಇರುವಷ್ಟು ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತದೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆಯುತ್ತವೆ; ಕುದುರೆಯಲ್ಲಿ ಅಂಥ ಜೀವಿಗಳಿರುವುದು ಕ್ಯಾಲ್ಸಿಯಂ ಹೀರುವ ಸಣ್ಣ ಕರುಳನ್ನು ದಾಟಿದ ಮೇಲೆ. ಅದೇ ಮೇವಿನಲ್ಲಿ ಹಸುಗಳು ಗಟ್ಟಿಯಾಗಿದ್ದುದು ಇದರಿಂದಲೇ.

ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಇತ್ತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅವರು ಕುದುರೆಯ ಕಣ್ಣಿನ ಕೆಳಗಿನ ಮೂಳೆಯ ಮೇಲೆ ನನ್ನ ಬೆರಳನ್ನು ಇರಿಸಿದರು. ಎರಡೂ ಬದಿಯಲ್ಲಿ ಉಬ್ಬಿತ್ತು. ರಕ್ತದ ಮಟ್ಟವನ್ನು ಕಾಯಲು ದೇಹವು ಮೂಳೆಯನ್ನು ಕರಗಿಸಿ ಕೊಡುತ್ತದೆ ಎಂದು ವಿವರಿಸಿದರು.

ಹತ್ತು ದಿನಗಳಲ್ಲಿ ತೌಡನ್ನು ಸ್ವಲ್ಪ ಸ್ವಲ್ಪವಾಗಿ ನಿಲ್ಲಿಸಿ, ಬಯಲುಸೀಮೆಯಿಂದ ಒಣಗಿದ ಕುದುರೆಮಸಾಲೆ ಸೊಪ್ಪನ್ನು ತರಿಸಿಕೊಂಡೆ. ಹೆಸರೇ ಹೇಳುವಂತೆ ಅದು ಕುದುರೆಯ ಮೇವು, ಕ್ಯಾಲ್ಸಿಯಂ ಅದರಲ್ಲಿ ಹೇರಳವಾಗಿದೆ. ಜೊತೆಗೆ ಮೇವಿನ ದರ್ಜೆಯ ಸುಣ್ಣಕಲ್ಲಿನ ಪುಡಿಯನ್ನೂ ಡೈಕ್ಯಾಲ್ಸಿಯಂ ಫಾಸ್ಫೇಟನ್ನೂ ವೈದ್ಯರು ಬರೆದುಕೊಟ್ಟ ಅಳತೆಯಲ್ಲಿ ಬೆರೆಸಿದೆ. "ತೋಟಕ್ಕೆ ತಂದ ಸುಣ್ಣವೇ ಚೀಲಗಟ್ಟಲೆ ಇದೆಯಲ್ಲ ಮಾರಾಯ" ಎಂದರು ಭಾವ. ಆದರೆ ಅರಳಿದ ಸುಣ್ಣ ಬಾಯಿ ಕರುಳುಗಳನ್ನು ಸುಡುತ್ತದೆ, ಅದನ್ನು ಕೊಡುವಂತಿಲ್ಲ. ದಿನಕ್ಕೊಂದು ಹಿಡಿಗಿಂತ ಕಡಿಮೆ ಅಡುಗೆ ಉಪ್ಪು ಸೇರಿಸಿದೆ.

ಕಬ್ಬಿಣದ ಟಾನಿಕ್ ಬೇಡವೆಂದರು, ಹಸಿ ಮೇವಿನಲ್ಲೇ ಅದು ಧಾರಾಳ; ತಾಮ್ರ ಮತ್ತು ಸತುವು ಮಾತ್ರ ಲೆಕ್ಕಕ್ಕೆ ಕಡಿಮೆ ಬಿತ್ತು. ಸೆಲೆನಿಯಂ ಇರುವ ಎರಡು ಪುಡಿಗಳನ್ನು ಒಟ್ಟಿಗೆ ಕೊಡಬಾರದು. ದಿನದ ಅಗತ್ಯ 1 ಮಿಲಿಗ್ರಾಂನಷ್ಟೂ ಇಲ್ಲ. ಮಿತಿ ಮೀರಿದರೆ ಜೂಲು ಉದುರಿ ಗೊರಸು ಸೀಳುತ್ತದೆ. ಹಸುವಿನ ಪಶು ಆಹಾರದ ಚೀಲವನ್ನಂತೂ ಈಗ ಲಾಯದ ಹತ್ತಿರವೇ ಇಡುವುದಿಲ್ಲ, ಕೆಲವು ಆಹಾರಗಳಿಗೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯನ್ನು ಕೊಲ್ಲುತ್ತದೆ.

ಕುಂಟು ಪೂರ್ತಿ ನಿಲ್ಲಲು ಐದು ತಿಂಗಳು ಹಿಡಿಯಿತು. ಮುಖದ ಉಬ್ಬು ಇಂದಿಗೂ ಅಷ್ಟಿಷ್ಟು ಉಳಿದಿದೆ. ಬಯೋಟಿನ್ ಡಬ್ಬಿಯಲ್ಲಿ ಈಗ ಉಪ್ಪು ತುಂಬಿಟ್ಟಿದ್ದೇನೆ.