ಸಂಜೆ ಐದರ ಮಿರ್ಚಿ ಬಂಡಿ ದಾಟುವುದು ಹೇಗೆ?

ತೂಕ ಇಳಿಸುವ ಆಪರೇಷನ್ ಆದವರು ಹೊರಗಿನ ತಿನಿಸಿನ ರೂಢಿ ಬಿಡಿಸಿಕೊಳ್ಳುವ ಕ್ರಮ

ಬಳ್ಳಾರಿಯಾಗಲಿ, ರಾಯಚೂರಾಗಲಿ, ಕೊಪ್ಪಳವಾಗಲಿ, ಸಂಜೆ ಐದಕ್ಕೆ ಯಾವ ಸರ್ಕಲ್‌ನಲ್ಲಿ ನಿಂತರೂ ಕಾಣುವುದು ಒಂದೇ: ಕಾದ ಬಾಣಲೆ, ಅದರಲ್ಲಿ ಉಬ್ಬುವ ಮಿರ್ಚಿ, ಪಕ್ಕದಲ್ಲಿ ಮಂಡಕ್ಕಿ ಒಗ್ಗರಣೆಯ ಗುಡ್ಡೆ, ಎದುರಿಗೆ ಚಾ ಅಂಗಡಿ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಊರಿಗೆ ಮರಳಿದವರ ಪಥ್ಯ ಸಾಮಾನ್ಯವಾಗಿ ಕೆಡುವುದು ಇಲ್ಲೇ. ಆಪರೇಷನ್ ಆದ ಮರುವಾರವಲ್ಲ, ಆರೇಳು ತಿಂಗಳು ಕಳೆದ ಮೇಲೆ.

ಅದಕ್ಕೆ ಕಾರಣವಿದೆ. ಸ್ಲೀವ್ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವ ಬಾಳೆಕಾಯಿಯಂಥ ಕೊಳವೆ ಹಿಡಿಯುವುದು ಸುಮಾರು 100ರಿಂದ 150 ಮಿ.ಲೀ. ಬೈಪಾಸ್ ಎಂಬ ಇನ್ನೊಂದು ಬಗೆಯಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ಹೆಚ್ಚಾಗಿ ಒಸರುವುದು ಸ್ಲೀವ್‌ನಲ್ಲಿ ತೆಗೆದುಹಾಕುವ ಭಾಗದಿಂದಲೇ. ಹಾಗಾಗಿ ಮೊದಲ ಕೆಲವು ತಿಂಗಳು ಊಟದ ನೆನಪೇ ಆಗದು. ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಹಸಿವು ಮೆಲ್ಲಗೆ ಮರಳುತ್ತದೆ. ಕತ್ತರಿ ಬಿದ್ದಿದ್ದು ಹೊಟ್ಟೆಗೆ. ಐದು ಗಂಟೆಗೆ, ಆ ತಿರುವಿಗೆ, ಆ ಗೆಳೆಯರ ಗುಂಪಿಗೆ ಬಿದ್ದಿಲ್ಲ. ಆದ್ದರಿಂದ ರೂಢಿ ಬದಲಿಸುವ ಕೆಲಸಕ್ಕೆ ಹಸಿವಿಲ್ಲದ ಆ ಮೊದಲ ತಿಂಗಳುಗಳೇ ಹದವಾದ ಕಾಲ.

ಇಲ್ಲಿ ಹೇಳುವುದೆಲ್ಲ ನೀರೂಟ, ನುಣ್ಣಗೆ ರುಬ್ಬಿದ ಊಟ, ಮೆತ್ತನೆಯ ಊಟ ಎಂಬ ಹಂತಗಳನ್ನು ಮುಗಿಸಿ, ಎಂದರೆ ಹೆಚ್ಚುಕಡಿಮೆ ಎಂಟು ವಾರ ದಾಟಿ, ಮಾಮೂಲಿ ಊಟಕ್ಕೆ ವೈದ್ಯರು ಒಪ್ಪಿದವರಿಗೆ. ಅದಕ್ಕೂ ಮುಂಚೆ ಹೊರಗಿನ ತಿನಿಸಿನ ಮಾತೇ ಬೇಡ.

ಮಂಡಕ್ಕಿ ‘ಸಲೀಸಾಗಿ ಇಳಿಯುವುದು’ ಯಾಕೆ?

‘ರೊಟ್ಟಿ ಸಿಕ್ಕಿಕೊಳ್ತದ, ಅನ್ನ ಭಾರ ಆಗ್ತದ, ಒಗ್ಗರಣಿ ಮಾತ್ರ ಆರಾಮ ಇಳೀತದ ನೋಡ್ರಿ’ ಎನ್ನುವವರು ಬಹಳ. ಇಳಿಯುವುದು ನಿಜ, ತೊಂದರೆ ಇರುವುದೂ ಅದರಲ್ಲೇ. ನೆನೆಸಿ ಹಿಂಡಿದ ಮಂಡಕ್ಕಿ ಬಾಯಲ್ಲೇ ಕರಗಿ ಗಂಜಿಯಂತಾಗುತ್ತದೆ. ಆ ಸಣ್ಣ ಕೊಳವೆಯಲ್ಲಿ ನಿಲ್ಲದೆ ಜಾರಿ ಹೋಗುತ್ತದೆ, ಹೊಟ್ಟೆ ತುಂಬಿದ ಸುಳಿವು ಬರುವುದೇ ಇಲ್ಲ. ಜತೆಗೆ ಚಾ ಕುಡಿದರೆ ಇನ್ನೂ ಬೇಗ. ಅರ್ಧ ಗಂಟೆ ಹರಟೆ ಹೊಡೆಯುತ್ತ ನಿಂತರೆ ಆಪರೇಷನ್ ಆದವರೂ ಒಂದು ಪ್ಲೇಟು ಪೂರ್ತಿ ಮುಗಿಸಬಲ್ಲರು. ಡಾಣಿ, ಖಾರಾ, ಬಿಸ್ಕತ್ತು, ಐಸ್‌ಕ್ರೀಮ್ ಎಲ್ಲವೂ ಇದೇ ಜಾತಿ. ಅದೇ ಅರ್ಧ ಬಟ್ಟಲು ಮಡಕಿಕಾಳಿನ ಪಲ್ಯ ತಿಂದು ನೋಡಿ, ಹೊಟ್ಟೆ ಸಾಕೆನ್ನುತ್ತದೆ, ಮೂರು ಗಂಟೆ ಸುಮ್ಮನಿರುತ್ತದೆ.

ಮಿರ್ಚಿಯ ಸಂಗತಿ ಬೇರೆ. ಅದು ಎಣ್ಣೆ ಹೀರಿಕೊಂಡ ಹಿಟ್ಟು. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲರಿ, ಪ್ರೋಟೀನಿಗೆ 4. ಬೈಪಾಸ್ ಆದವರಿಗೆ ತೀರಾ ಜಿಡ್ಡಿನದು ಓಕರಿಕೆ, ಭೇದಿ ತರಿಸಬಹುದು.

ಮೊದಲ ವಾರ: ಬರೆದಿಡುವುದಷ್ಟೇ

ಈ ವಾರ ಏನನ್ನೂ ಬಿಡಬೇಡಿ. ಜೇಬಿಗೆ ಹಿಡಿಸುವ ನೋಟ್‌ಬುಕ್ಕಿನಲ್ಲಿ ಐದು ಸಂಗತಿ ಬರೆಯಿರಿ: ಗಂಟೆ, ಜಾಗ, ಜತೆಗಿದ್ದವರು, ತಿಂದದ್ದು, ಆಗ ಹಸಿವಿತ್ತೋ ಇಲ್ಲವೋ. ಕೊನೆಯದನ್ನು ತಿಳಿಯಲು ಒಂದು ಉಪಾಯ: ‘ಈಗ ಉಪ್ಪು ಹಾಕಿ ಬೇಯಿಸಿದ ಹೆಸರುಕಾಳು ಕೊಟ್ಟರೆ ತಿನ್ನುತ್ತೇನಾ?’ ಎಂದು ಕೇಳಿಕೊಳ್ಳಿ. ತಿನ್ನುತ್ತೇನೆ ಅನ್ನಿಸಿದರೆ ಹಸಿವು. ಬೇಡ, ಮಿರ್ಚಿಯೇ ಬೇಕು ಅನ್ನಿಸಿದರೆ ರೂಢಿ.

ಏಳು ದಿನದ ಪಟ್ಟಿಯಲ್ಲಿ ಒಂದೋ ಎರಡೋ ಗಂಟೆಗಳೇ ಮತ್ತೆ ಮತ್ತೆ ಬರುತ್ತವೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರದಂಥ ಕಡೆ ಪಾಳಿಯಲ್ಲಿ ದುಡಿಯುವವರಿಗೆ ಅದು ಪಾಳಿ ಬಿಡುವ ಹೊತ್ತಾಗಿರುತ್ತದೆ, ರಾತ್ರಿ ಪಾಳಿಯವರಿಗೆ ನಸುಕಿನ ಇಡ್ಲಿ-ವಡೆ. ಬಡಿದಾಡಬೇಕಾದದ್ದು ಆ ಒಂದು ಹೊತ್ತಿನ ಜತೆ ಮಾತ್ರ. ‘ಇವತ್ತಿನಿಂದ ಹೊರಗೆ ಏನೂ ತಿನ್ನೋದಿಲ್ಲ’ ಎಂಬ ಶಪಥ ಹೆಚ್ಚೆಂದರೆ ಹದಿನೈದು ದಿನ ಬಾಳುತ್ತದೆ.

ಬುತ್ತಿ: ಐದಕ್ಕಲ್ಲ, ನಾಲ್ಕೂವರೆಗೆ

ಹೊರಗೆ ತಿನ್ನುವವರಲ್ಲಿ ಹೆಚ್ಚಿನವರು ಮಧ್ಯಾಹ್ನ ಸರಿಯಾಗಿ ಉಂಡಿರುವುದಿಲ್ಲ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಅದು ಸಿಗದಿದ್ದರೆ ಸಂಜೆಗೆ ಕೈಕಾಲು ಸೋತು ಕಣ್ಣು ಬಂಡಿ ಹುಡುಕುತ್ತದೆ. ಒಂದು ದಿನದ ಅಂದಾಜು ಲೆಕ್ಕ ಹೀಗೆ: ಬೆಳಿಗ್ಗೆ ಎರಡು ಮೊಟ್ಟೆ, 12 ಗ್ರಾಂ. ಹನ್ನೊಂದಕ್ಕೆ ಸಕ್ಕರೆ ಹಾಕದ 200 ಮಿ.ಲೀ. ಹಾಲು, 6 ಗ್ರಾಂ. ಮಧ್ಯಾಹ್ನ ಅರ್ಧ ಬಟ್ಟಲು ಕಾಳಿನ ಪಲ್ಯ, ಎರಡು ಚಮಚ ಗಟ್ಟಿ ಮೊಸರು, ಜಾಗ ಉಳಿದರೆ ಕಾಲು ರೊಟ್ಟಿ, ಎಲ್ಲ ಸೇರಿ 9–10. ಸಂಜೆಯ ಬುತ್ತಿಯಿಂದ (ಮಾಡುವ ಬಗೆ ಮುಂದಿದೆ) 12 ಗ್ರಾಂ. ರಾತ್ರಿ 50 ಗ್ರಾಂ ಬೆಂದ ಕೋಳಿ ಅಥವಾ 70 ಗ್ರಾಂ ಪನೀರ್, 12–13. ಒಟ್ಟು 50ರ ಆಸುಪಾಸು. ಉಳಿದದ್ದಕ್ಕೆ ಪ್ರೋಟೀನ್ ಪುಡಿ. ಎಷ್ಟು, ಯಾವುದು ಎಂದು ನಿಮ್ಮ ಆಹಾರತಜ್ಞರನ್ನೇ ಕೇಳಿ. ಬಟ್ಟಲು ಎಂದರೆ ಇಲ್ಲಿ 200 ಮಿ.ಲೀ.ನದು.

ಶೇಂಗಾದಲ್ಲೂ ಪ್ರೋಟೀನ್ ಇದೆಯಲ್ಲ ಎಂದು ಮುಷ್ಟಿಗಟ್ಟಲೆ ಬಾಯಿಗೆ ಹಾಕಿಕೊಳ್ಳುವವರಿದ್ದಾರೆ. 100 ಗ್ರಾಂ ಶೇಂಗಾದಲ್ಲಿ ಪ್ರೋಟೀನ್ 25 ಗ್ರಾಂ, ಎಣ್ಣೆ ಸುಮಾರು 48. ಚಟ್ನಿಪುಡಿ ಒಂದು ಚಮಚಕ್ಕೆ ನಿಲ್ಲಲಿ.

ಸಂಜೆಯ ಬುತ್ತಿಯನ್ನು ಬಂಡಿಯ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ತೆರೆಯಿರಿ. ಬಂಡಿಯ ಮುಂದೆ ನಿಂತು ಡಬ್ಬಿ ತೆಗೆಯುವ ಗಟ್ಟಿತನ ಯಾರಿಗೂ ಇರುವುದಿಲ್ಲ.

ಮಿರ್ಚಿಯ ರುಚಿ, ಹಂಚಿನ ಮೇಲೆ

ನಾಲಿಗೆ ಬೇಡುವುದು ಕಡಲೆಹಿಟ್ಟು, ಅಜವಾನ, ಹಸಿಮೆಣಸಿನಕಾಯಿ ಈ ಮೂರರ ಕೂಟವನ್ನು. ಕರಿಯದೆಯೂ ಅದು ಸಿಗುತ್ತದೆ. ಒಬ್ಬರಿಗೆ: 30 ಗ್ರಾಂ ಕಡಲೆಹಿಟ್ಟು (ತುಂಬಿದ ಮೂರು ದೊಡ್ಡ ಚಮಚ), ಒಂದು ಮೊಟ್ಟೆ, ಬೀಜ ತೆಗೆದು ಸಣ್ಣಗೆ ಹೆಚ್ಚಿದ ಅರ್ಧ ಹಸಿಮೆಣಸಿನಕಾಯಿ, ಚಿಟಿಕೆ ಅಜವಾನ, ಉಪ್ಪು, ಮೂರ್ನಾಲ್ಕು ದೊಡ್ಡ ಚಮಚ ನೀರು. ಗಂಟಿಲ್ಲದಂತೆ ಕಲಸಿ ಹತ್ತು ನಿಮಿಷ ಬಿಡಿ. ಹಂಚಿಗೆ ಅರ್ಧ ಸಣ್ಣ ಚಮಚ ಎಣ್ಣೆ ಸವರಿ, ತೆಳ್ಳಗೆ ಹರಡಿ, ಸಣ್ಣ ಉರಿಯಲ್ಲಿ ಎರಡೂ ಬದಿ ಸೇರಿ ನಾಲ್ಕೈದು ನಿಮಿಷ ಬೇಯಿಸಿ. 12 ಗ್ರಾಂನಷ್ಟು ಪ್ರೋಟೀನ್ ಆಯಿತು. ಮೊಟ್ಟೆ ತಿನ್ನದವರು 40 ಗ್ರಾಂ ಪನೀರ್ ಪುಡಿ ಮಾಡಿ ಸೇರಿಸಬಹುದು.

ಕೆಡುವುದು ಎರಡು ಕಡೆ. ದಪ್ಪ ಹುಯ್ದರೆ ನಡು ಹಸಿಯಾಗಿ ಉಳಿದು ಹೊಟ್ಟೆ ಉಬ್ಬರಿಸುತ್ತದೆ. ಗರಿಗರಿ ಆಗಲೆಂದು ಒಣಗಿಸಿದರೆ ಗಂಟಲಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಮೆತ್ತಗಿರುವಾಗಲೇ ಇಳಿಸಿ, ಚೂರು ಮಾಡಿ, ಮೊಸರಿನಲ್ಲಿ ಅದ್ದಿ ತಿನ್ನಿ. ಒಂದು ತುತ್ತಿಗೆ ಇಪ್ಪತ್ತೈದು ಸಲ ಅಗಿತ, ಇಡೀ ಡಬ್ಬಿಗೆ ಇಪ್ಪತ್ತು ನಿಮಿಷ. ಅರ್ಧಕ್ಕೇ ಸಾಕೆನಿಸಿದರೆ ಅರ್ಧಕ್ಕೇ ಮುಚ್ಚಿ.

ಒಗ್ಗರಣೆಯ ಘಮವೇ ಬೇಕೆನ್ನುವವರು ಮೊಳಕೆ ಬಂದ ಮಡಕಿಕಾಳನ್ನು ಮೆತ್ತಗೆ ಬೇಯಿಸಿ, ಅದಕ್ಕೆ ಸಾಸಿವೆ, ಕರಿಬೇವು, ಈರುಳ್ಳಿಯ ಒಗ್ಗರಣೆ ಕೊಟ್ಟು, ನಿಂಬೆ ಹಿಂಡಿ, ಮೇಲೊಂದು ಚಮಚ ಪುಟಾಣಿ ಪುಡಿ ಉದುರಿಸಲಿ. ಮಂಡಕ್ಕಿ ಒಂದಿಲ್ಲ ಅನ್ನುವುದು ಬಿಟ್ಟರೆ ಉಳಿದೆಲ್ಲ ಅದೇ.

ದಾರಿ, ಗೆಳೆಯರು

ಮನೆಗೆ ಹೋಗುವ ದಾರಿ ಬದಲಿಸಿ, ಒಂದು ಕಿಲೋಮೀಟರ್ ಸುತ್ತಾದರೂ ಚಿಂತೆಯಿಲ್ಲ. ಎಣ್ಣೆಯ ವಾಸನೆ ಮೂಗಿಗೆ ಬಡಿದ ಮೇಲೆ ಯೋಚಿಸುವ ಬುದ್ಧಿ ಯಾರದೂ ನೆಟ್ಟಗಿರುವುದಿಲ್ಲ. ಫೋನಿನಿಂದ ಊಟ ತರಿಸುವ ಆ್ಯಪ್ ತೆಗೆದುಹಾಕಿ.

ಗೆಳೆಯರನ್ನು ಬಿಡಬೇಡಿ, ಭೇಟಿಯ ಜಾಗ ಬದಲಿಸಿ. ಚಾ ಅಂಗಡಿಯೇ ಆಗಬೇಕೆಂದರೆ ಸಕ್ಕರೆ ಇಲ್ಲದ ಅರ್ಧ ಚಾ, ಬುತ್ತಿ ಮುಗಿದು ಅರ್ಧ ಗಂಟೆಯ ಮೇಲೆ. ಎರಡು ಸಣ್ಣ ಚಮಚ ಸಕ್ಕರೆಗೆ 40 ಕ್ಯಾಲರಿ, ದಿನಕ್ಕೆ ಐದು ಚಾ ಅಂದರೆ ಸಕ್ಕರೆಯಿಂದಲೇ 200. ಕಬ್ಬಿಣದ ಮಾತ್ರೆ ನುಂಗುವವರು ಅದರ ಆಚೀಚೆ ಎರಡು ಗಂಟೆ ಚಾ ಮುಟ್ಟಬಾರದು. ಚಾ ಕಬ್ಬಿಣವನ್ನು ಮೈಗೆ ಹತ್ತಗೊಡದು. ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣದ ಮಾತ್ರೆಗೂ ನಡುವೆ ಇಷ್ಟೇ ಅಂತರ ಇರಲಿ.

ನೀರು

ನಮ್ಮ ಭಾಗದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆಪರೇಷನ್ ಆದವರು ಗಟಗಟ ಕುಡಿಯುವಂತಿಲ್ಲ, ಊಟದ ಜತೆಗೂ ಕುಡಿಯುವಂತಿಲ್ಲ; ಊಟಕ್ಕೆ ಅರ್ಧ ಗಂಟೆ ಮೊದಲು ನಿಲ್ಲಿಸಿ, ಊಟವಾಗಿ ಅರ್ಧ ಗಂಟೆಯ ಮೇಲೆ ಶುರು ಮಾಡಬೇಕು. ಬಂಡಿಯ ಖಾರ ಈ ನಿಯಮವನ್ನೇ ಮುರಿಸುತ್ತದೆ. ಬಾಯಿ ಉರಿದು ನೀರು ಕುಡಿದಾಗ ತಿಂದದ್ದು ಬೇಗ ಕೆಳಗಿಳಿದು ಮತ್ತೊಂದಕ್ಕೆ ಜಾಗವಾಗುತ್ತದೆ, ಇಲ್ಲವೇ ಎಲ್ಲ ಸೇರಿ ವಾಂತಿಯಾಗುತ್ತದೆ. ಎಷ್ಟೋ ಸಲ ಸಂಜೆ ಹಸಿವೆನ್ನಿಸುವುದು ಬರೀ ಬಾಯಾರಿಕೆ. ಒಂದು ಲೀಟರಿನ ಬಾಟಲಿ ಹಿಡಿದು ತಾಸಿಗೆ 150 ಮಿ.ಲೀ.ನಂತೆ ಗುಟುಕು ಗುಟುಕಾಗಿ ಇಳಿಸಿ, ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್. ಉಪ್ಪಿನ ತೆಳು ಮಜ್ಜಿಗೆಯೂ ಲೆಕ್ಕಕ್ಕೆ ಬರುತ್ತದೆ. ಗೋಲಿ ಸೋಡಾದ ಗ್ಯಾಸು ಚೀಲವನ್ನು ಉಬ್ಬಿಸಿ ನೋಯಿಸುತ್ತದೆ. ಕಬ್ಬಿನ ಹಾಲು ಅದಕ್ಕಿಂತ ಕೆಟ್ಟದ್ದು, ವಿಶೇಷವಾಗಿ ಬೈಪಾಸ್ ಆದವರಿಗೆ: ಸಕ್ಕರೆ ಒಮ್ಮೆಲೇ ಕರುಳಿಗೆ ಸುರಿದು ಹತ್ತರಿಂದ ಮೂವತ್ತು ನಿಮಿಷದಲ್ಲಿ ಎದೆ ಬಡಿತ, ಬೆವರು, ಹೊಟ್ಟೆ ನುಲಿತ, ಭೇದಿ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ಕುಸಿದು ಕೈ ನಡುಗುತ್ತದೆ. ಮಧುಮೇಹದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಹಳೆಯ ಡೋಸನ್ನೇ ಮುಂದುವರಿಸದೆ ವೈದ್ಯರಿಂದ ಹೊಸದಾಗಿ ಬರೆಸಿಕೊಳ್ಳಬೇಕು.

ಖಾನಾವಳಿಗೆ ಹೋಗಲೇಬೇಕಾದಾಗ

ಊರೂರು ತಿರುಗುವ ಕೆಲಸದವರಿಗೆ ತಪ್ಪದು. ಹಾಗೆ ನೋಡಿದರೆ ನಮ್ಮ ರೊಟ್ಟಿ ಖಾನಾವಳಿ ಹೋಟೆಲುಗಳಿಗಿಂತ ವಾಸಿ. ಕಾಳು, ಬೇಳೆ, ಸೊಪ್ಪು, ಮೊಸರು ಎಲ್ಲ ಒಂದೇ ತಾಟಿನಲ್ಲಿ ಇರುತ್ತವೆ. ಕುಳಿತ ತಕ್ಷಣ ಹೇಳಿ: ‘ಅನ್ನ ಬ್ಯಾಡ್ರಿ, ರೊಟ್ಟಿ ಒಂದ ಸಾಕು, ಕಾಳ ಪಲ್ಯ ಇನ್ನೊಂದ್ ಸೌಟು ಹಾಕ್ರಿ.’ ಕಾಳು ಮತ್ತು ಮೊಸರು ಮೊದಲು, ಪುಂಡಿಪಲ್ಯ ಆಮೇಲೆ, ರೊಟ್ಟಿ ಕೊನೆಗೆ. ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿಕೊಳ್ಳಿ. ಎಣ್ಣೆಗಾಯಿಯಲ್ಲಿ ಬದನೆಕಾಯಿ ಎತ್ತಿಕೊಂಡು ಮೇಲೆ ತೇಲುವ ಎಣ್ಣೆ ಬಿಡಿ. ‘ಪೂರ್ತಿ ಊಟದ ದುಡ್ಡು ಕೊಟ್ಟೀನಿ’ ಎಂಬ ಸಂಕಟ ಬರುತ್ತದೆ. ಅದಕ್ಕೆ ಖಾಲಿ ಡಬ್ಬಿ ಜತೆಗಿರಲಿ. ತುತ್ತು ಎತ್ತುವ ಮೊದಲೇ ಅರ್ಧವನ್ನು ಅದಕ್ಕೆ ಹಾಕಿ ಮುಚ್ಚಿಬಿಡಿ. ಉಂಡು ಉಳಿದದ್ದನ್ನು ಕಟ್ಟಿಸಿಕೊಳ್ಳುತ್ತೇನೆ ಅಂದುಕೊಂಡರೆ ಉಳಿಯುವುದಿಲ್ಲ.

ಬಿರಿಯಾನಿ ಹೋಟೆಲಿಗೆ ಎಳೆದೊಯ್ದರೆ ರಸದಲ್ಲಿ ಬೆಂದ ಎರಡು ಮೆತ್ತನೆಯ ತುಂಡು ಸಾಕು. ಒಣ ಕಬಾಬು ಸಿಕ್ಕಿಕೊಳ್ಳುವುದರಲ್ಲಿ ಎಲ್ಲದಕ್ಕಿಂತ ಮುಂದು. ಬೈಪಾಸ್ ಆದವರಿಗೆ ಮದ್ಯ ಬೇಗ ತಲೆಗೇರುತ್ತದೆ, ತಡವಾಗಿ ಇಳಿಯುತ್ತದೆ.

ಜಾತ್ರೆ, ಮದುವೆ

ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿ ದಾಸೋಹದಲ್ಲಿ ಪ್ರಸಾದ ಬೇಡ ಎನ್ನಲು ಇಲ್ಲಿಯ ಮನಸ್ಸು ಒಪ್ಪದು. ಒಪ್ಪಬೇಕಾಗಿಯೂ ಇಲ್ಲ. ಮನೆಯಲ್ಲಿ ಮೊಟ್ಟೆಯೋ ಪನೀರೋ ತಿಂದು ಹೋಗಿ, ಮಾದಲಿ ಬೆರಳಂಚಿನಷ್ಟು ಬಾಯಿಗಿಡಿ. ಮದುವೆಯಲ್ಲಿ ಕಷ್ಟ ಕೊಡುವವರು ಬಡಿಸುವ ದೊಡ್ಡಮ್ಮಂದಿರು. ‘ಡಯಟ್’ ಅಂದರೆ ಅವರು ಬಿಡುವುದಿಲ್ಲ. ‘ಹೊಟ್ಟಿ ಆಪರೇಷನ್ ಆಗೈತ್ರಿ ದೊಡವ್ವ, ಜಾಸ್ತಿ ಆದ್ರ ವಾಂತಿ ಆಗ್ತೈತಿ’ ಅಂದರೆ ಅವರೇ ಮುಂದಿನವರಿಗೂ ಹೇಳಿ ಕಾಯುತ್ತಾರೆ. ಎಲೆ ಖಾಲಿ ಬಿಡಬೇಡಿ. ಖಾಲಿ ಎಲೆ ಕಂಡರೆ ಸೌಟು ಬಂದೇ ಬರುತ್ತದೆ.

ತಪ್ಪಿ ತಿಂದ ದಿನ

ಮರುದಿನ ಉಪವಾಸ ಮಾಡುವುದು ಎಲ್ಲರೂ ಮಾಡುವ ತಪ್ಪು. ಉಪವಾಸದ ಸಂಜೆಯೇ ಮತ್ತೆ ಬಂಡಿಯ ಮುಂದೆ ನಿಲ್ಲಿಸುತ್ತದೆ. ಮುಂದಿನ ಊಟವನ್ನು ಅದರ ಹೊತ್ತಿಗೆ, ಅದರ ಅಳತೆಯಲ್ಲಿ ಉಣ್ಣಿ.

ಎದೆಯ ನಡುವೆ ಸಿಕ್ಕಿಕೊಂಡಂತಾಗಿ ಬಾಯಲ್ಲಿ ನೊರೆನೊರೆ ನೀರು ಬಂದರೆ ತಿನ್ನುವುದನ್ನು ಅಲ್ಲಿಗೇ ಬಿಡಿ. ನೀರು ಕುಡಿದು ತಳ್ಳಲು ಹೋಗಬೇಡಿ, ಮೆಲ್ಲಗೆ ಓಡಾಡಿ. ನೀರು ಕೂಡ ನಿಲ್ಲದಂತೆ ವಾಂತಿಯಾದರೆ, ಹೊಟ್ಟೆನೋವು ಜೋರಾದರೆ, ಜ್ವರವೋ ಎದೆಬಡಿತವೋ ಜತೆಗೂಡಿದರೆ, ಮಲ ಕಪ್ಪಗೆ ಹೋದರೆ ಅದೇ ದಿನ ಆಸ್ಪತ್ರೆಗೆ. ದಿನಗಟ್ಟಲೆ ವಾಂತಿ ಮುಂದುವರಿದರೆ ಬಿ1 ವಿಟಮಿನ್ ಕುಸಿದು ನರಗಳಿಗೆ ಪೆಟ್ಟಾಗುತ್ತದೆ, ‘ಪಿತ್ತ ಆಗಿರಬೇಕು’ ಎಂದು ಕಾಯುವಂತಿಲ್ಲ. ತಲೆನೋವು, ಮೈಕೈ ನೋವಿಗೆ ಮೆಡಿಕಲ್ ಅಂಗಡಿಯವರು ಕೊಡುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ನಿಮ್ಮ ಸರ್ಜನ್ನರನ್ನು ಕೇಳದೆ ನುಂಗಬೇಡಿ, ಹುಣ್ಣಾಗುವ ಅಪಾಯವಿದೆ.

ವಾರಕ್ಕೊಂದೇ ಸಲ, ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ಏನೂ ತಿನ್ನುವ ಮುಂಚೆ ತೂಕ ನೋಡಿ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅತಿ ಕಡಿಮೆ ಇಳಿದಿದ್ದ ತೂಕಕ್ಕಿಂತ ಮೂರು ಕಿಲೊ ಏರಿ ತಿಂಗಳಾದರೂ ಇಳಿಯದಿದ್ದರೆ ತಪಾಸಣೆಯ ತಾರೀಖಿಗೆ ಕಾಯದೆ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೊರಡಿ. ರಾತ್ರಿ ಬಸ್ಸು ಯಾವುದೋ ಢಾಬಾದ ಮುಂದೆ ಅರ್ಧ ಗಂಟೆ ನಿಲ್ಲುತ್ತದೆ. ಬಸ್ ಹತ್ತುವ ಮೊದಲೇ ಊಟ ಮುಗಿದಿರಲಿ, ಕೈಚೀಲದಲ್ಲಿ ನೋಟ್‌ಬುಕ್ಕು, ಬಾಟಲಿ, ಬೆಳಗಿನ ತಿಂಡಿಗೆ ನಾಲ್ಕು ದೊಡ್ಡ ಚಮಚ ಪುಟಾಣಿ ಪುಡಿಯ ಡಬ್ಬಿ. ಇಳಿದ ಮೇಲೆ ಹಾಲು ಕೊಂಡು ಕಲಸಿಕೊಂಡರಾಯಿತು. ರಕ್ತ ಪರೀಕ್ಷೆ ಇರುವ ದಿನ ಖಾಲಿ ಹೊಟ್ಟೆಯಲ್ಲಿ ಬರಬೇಕೇ ಎಂದು ಮಾತ್ರ ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ.